ಸದಸ್ಯರ ಪಟ್ಟಿ ಸರಿಪಡಿಸಿದ ನನ್ನ ಅನುಭವ

ಪೊನ್ನಂಪೇಟೆ ಸಮೀಪದ ಕಾಫಿ ಬೆಳೆಗಾರರ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಕಳೆದ ಮಳೆಗಾಲದಲ್ಲಿ ಸದಸ್ಯರ ಪಟ್ಟಿಯನ್ನು ಒಪ್ಪಗೊಳಿಸುವ ಕೆಲಸ ಬಂತು. ಹಲವರ ಕೈ ದಾಟಿ ಬಂದ ಆ ಎಕ್ಸೆಲ್ ಕಡತದಲ್ಲಿ ಅಣ್ಣನ ಹೆಸರು ಪೂರ್ತಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿದ್ದರೆ ತಮ್ಮನ ಹೆಸರು ಪೂರ್ತಿ ಚಿಕ್ಕಕ್ಷರಗಳಲ್ಲಿತ್ತು.

ವರ್ಡ್‌ನಲ್ಲಿ ಶಿಫ್ಟ್ ಜೊತೆ ಎಫ್3 ಒತ್ತಿದರೆ ಸಾಕು, ಆರಿಸಿದ ಪದಗಳ ಅಕ್ಷರಗಳು ದೊಡ್ಡದು ಚಿಕ್ಕದಾಗಿ ಬದಲಾಗುತ್ತವೆ. ಎಕ್ಸೆಲ್‌ನಲ್ಲಿ ಆ ಅನುಕೂಲವಿಲ್ಲ. ಆದ್ದರಿಂದ ಪಕ್ಕದಲ್ಲಿ ಖಾಲಿ ಕಾಲಂ ಸೇರಿಸಿ, ಪ್ರತಿ ಪದದ ಮೊದಲಕ್ಷರವನ್ನಷ್ಟೇ ದೊಡ್ಡದಾಗಿಸುವ ಪ್ರಾಪರ್ ಸೂತ್ರವನ್ನು ಬರೆದು, ಅನಗತ್ಯ ಖಾಲಿ ಜಾಗಗಳು ಹೋಗಲೆಂದು ಅದರೊಳಗೆ ಟ್ರಿಮ್ ಇಟ್ಟು, ಕೊನೆಯ ಸಾಲಿನವರೆಗೆ ಎಳೆದೆ. ಬಂದ ಫಲಿತಾಂಶವನ್ನು ಕಾಪಿ ಮಾಡಿ, ಸೂತ್ರ ಬಿಟ್ಟು ಫಲಿತಾಂಶವಷ್ಟೇ ಉಳಿಯಲೆಂದು ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಆರಿಸಿ ಅಂಟಿಸಿದೆ. ಹಾಗೆ ಮಾಡದೆ ಮೂಲ ಕಾಲಂ ಅಳಿಸಿದರೆ ಹೆಸರುಗಳಿದ್ದಲ್ಲೆಲ್ಲ ದೋಷದ ಸೂಚನೆಯೇ ಕಾಣುತ್ತದೆ. ಇನಿಶಿಯಲ್‌ಗಳು ಸರಿಯಾಗಿಯೇ ಬಂದವು. ಆದರೆ ಅಕ್ಷರವಲ್ಲದ ಯಾವ ಚಿಹ್ನೆಯಾದರೂ ಅದರ ಮುಂದಿನ ಅಕ್ಷರವನ್ನು ಪ್ರಾಪರ್ ದೊಡ್ಡದು ಮಾಡುವುದರಿಂದ, ತಂದೆಯ ಹೆಸರಿಗೆ ಮುನ್ನ ಬರೆಯುವ ‘ಎಸ್/ಒ’ದಲ್ಲಿನ ಚಿಕ್ಕ ಒ ಕೂಡ ದೊಡ್ಡದಾಯಿತು. ಅದನ್ನು ಫೈಂಡ್ ಅಂಡ್ ರೀಪ್ಲೇಸ್‌ನಿಂದ ತಿದ್ದಿದೆ. ಬ್ಯಾಂಕಿನ ಐಎಫ್ಎಸ್‌ಸಿ ಕಾಲಂಗೆ ಮಾತ್ರ ಎಲ್ಲ ಅಕ್ಷರಗಳನ್ನೂ ದೊಡ್ಡದಾಗಿಸುವ ಅಪ್ಪರ್ ಬಳಸಿದೆ.

ನಿಜವಾದ ಎಡವಟ್ಟಾದದ್ದು ಮನೆಹೆಸರಿನ ಕಾಲಂನಲ್ಲಿ. ಕೊಡಗಿನಲ್ಲಿ ಮನೆಹೆಸರು ತಪ್ಪಿದರೆ ಆಳೇ ಬೇರೆಯಾಗುತ್ತಾನೆ ಎಂಬ ಕಾರಣಕ್ಕೆ ಹಿಂದಿನವರು ಅದನ್ನು ಕನ್ನಡದಲ್ಲಿಯೂ ಬರೆದಿಟ್ಟಿದ್ದರು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರವೆಂಬ ಭೇದವೇ ಇಲ್ಲವಲ್ಲ, ಸೂತ್ರ ಅದನ್ನು ಮುಟ್ಟುವುದಿಲ್ಲವೆಂದು ಧೈರ್ಯವಾಗಿ ಅಲ್ಲಿಗೂ ಎಳೆದೆ. ಹೊಸ ಕಾಲಂಗೆ ಅದೇ ಫಾಂಟ್ ಹಾಕಿ ನೋಡಿದರೆ ಒತ್ತಕ್ಷರಗಳು, ಗುಣಿತಗಳು ಚೆಲ್ಲಾಪಿಲ್ಲಿಯಾಗಿ ಒಂದು ಹೆಸರೂ ಓದಲು ಬಾರದಂತಾಗಿತ್ತು.

ಆ ಕಾಲಂ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿರಲಿಲ್ಲ, ಹಳೆಯ ನುಡಿ ಫಾಂಟಿನಲ್ಲಿತ್ತು. ಅಂಥ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಡತದೊಳಗಿರುವುದು ಇಂಗ್ಲಿಷಿನ ಅಕ್ಷರಗಳೂ ಚಿಹ್ನೆಗಳೂ ಆಗಿರುತ್ತವೆ. ಅಲ್ಲಿ ದೊಡ್ಡಕ್ಷರಕ್ಕೆ ಒಂದು ಆಕಾರ, ಚಿಕ್ಕಕ್ಷರಕ್ಕೆ ಇನ್ನೊಂದು ಆಕಾರ. ಫಾಂಟನ್ನು ಏರಿಯಲ್‌ಗೆ ಬದಲಾಯಿಸಿದೊಡನೆ ಗುಟ್ಟು ಬಯಲಾಯಿತು: ಕನ್ನಡ ಮಾಯವಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬಂತು. ಪುಣ್ಯಕ್ಕೆ ಮೂಲ ಕಾಲಂ ಇನ್ನೂ ಅಳಿಸಿರಲಿಲ್ಲ. ಅದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದು, ಪರೀಕ್ಷೆಗೆಂದು ಪ್ರಾಪರ್ ಸೂತ್ರವನ್ನು ಮತ್ತೊಮ್ಮೆ ಎಳೆದು ನೋಡಿದೆ. ಈ ಸಲ ಒಂದಕ್ಷರವೂ ಅಲುಗಲಿಲ್ಲ.