ಎಡ ಭುಜ, ಬಲ ಭುಜ ಮತ್ತು ಒಂದು ಖಾದಿ ಅಂಗಿ

ನನ್ನ ಬಲ ಭುಜ ಎಡ ಭುಜಕ್ಕಿಂತ ಅರ್ಧ ಇಂಚು ಕೆಳಗಿದೆ. ನಲವತ್ತು ದಾಟುವವರೆಗೂ ಇದು ನನಗೆ ಗೊತ್ತಿರಲಿಲ್ಲ. ರೆಡಿಮೇಡ್ ಅಂಗಿ ತೊಟ್ಟರೆ ಬಲಗಡೆ ಕುತ್ತಿಗೆಯ ಬುಡದಿಂದ ಕಂಕುಳದವರೆಗೆ ಓರೆಯಾಗಿ ಒಂದು ಸುಕ್ಕು ಬೀಳುತ್ತಿತ್ತು, ಎಷ್ಟು ಇಸ್ತ್ರಿ ಮಾಡಿದರೂ ಹೋಗುತ್ತಿರಲಿಲ್ಲ. ಬಟ್ಟೆ ಚೆನ್ನಾಗಿಲ್ಲ ಎಂದುಕೊಂಡು ಬೇರೆ ಅಂಗಿ ಕೊಳ್ಳುತ್ತಿದ್ದೆ. ನಾನೇ ಹೊಲಿಯಲು ಕುಳಿತು, ಕನ್ನಡಿ ಮುಂದೆ ಟೇಪು ಹಿಡಿದು ಎರಡೂ ಭುಜಗಳನ್ನು ಬೇರೆ ಬೇರೆಯಾಗಿ ಅಳೆದಾಗಲೇ ಕಾರಣ ತಿಳಿದದ್ದು. ನಿಮ್ಮದನ್ನೂ ಅಳೆದು ನೋಡಿ. ವರ್ಷಗಟ್ಟಲೆ ಒಂದೇ ಹೆಗಲಿಗೆ ಚೀಲ ಹಾಕಿದವರಲ್ಲಿ ಎರಡೂ ಸಮ ಇರುವವರು ಕಡಿಮೆ.

ನಾನು ಧಾರವಾಡದವನು, ಕಾಲೇಜಿನಲ್ಲಿ ಪಾಠ ಹೇಳುವುದು ಕೆಲಸ. ಹೊಲಿಗೆ ರವಿವಾರದ ಹುಚ್ಚು. ಮನೆಯಲ್ಲಿ ಅವ್ವನ ಕಾಲು ಮಷೀನು ಇತ್ತು. ಅದರ ಮೇಲೆ ಟಿವಿ ಇಟ್ಟು ಬಹಳ ವರ್ಷವಾಗಿತ್ತು. ಟಿವಿ ಇಳಿಸಿ, ಎಣ್ಣೆ ಬಿಟ್ಟು, ಸಡಿಲಾಗಿದ್ದ ಚರ್ಮದ ಬೆಲ್ಟನ್ನು ಚೂರು ಕತ್ತರಿಸಿ ಮತ್ತೆ ಕೊಂಡಿ ಹಾಕಿದ್ದಷ್ಟೇ, ಓಡತೊಡಗಿತು. ಮೋಟರ್ ಹಾಕಿಸಿ ಎಂದು ಬಹಳ ಜನ ಹೇಳಿದರು. ಹಾಕಿಸಿಲ್ಲ. ಕಾಲರ್‌ನ ಮೂಲೆಯಲ್ಲಿ ಒಂದೊಂದೇ ಹೊಲಿಗೆ ಎಣಿಸಿ ತಿರುಗಬೇಕಾದಾಗ ಕಾಲು ಮಷೀನಿನಷ್ಟು ಮಾತು ಕೇಳುವ ಯಂತ್ರ ಇನ್ನೊಂದಿಲ್ಲ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ, ಅದು ಬೇರೆ.

ಖಾದಿ ಆರಿಸಿಕೊಂಡದ್ದಕ್ಕೆ ದೊಡ್ಡ ತತ್ವವೇನೂ ಇಲ್ಲ. ನಮ್ಮ ಸುತ್ತ ಸಿಗುವ ಬಟ್ಟೆ ಅದು. ಧಾರವಾಡದ ಹತ್ತಿರದ ಗರಗ ಊರಿನ ಖಾದಿಯ ಹೆಸರು ನಾವು ಚಿಕ್ಕಂದಿನಿಂದ ಕೇಳಿದ್ದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ ಎನ್ನುವುದು ಈ ಕಡೆ ಶಾಲೆಯ ಮಕ್ಕಳಿಗೂ ಗೊತ್ತು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಮಷೀನಿನಲ್ಲಿ ತಯಾರಾದ ಧ್ವಜಕ್ಕೂ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕ ಮೇಲೆ, ಖಾದಿ ಕೊಳ್ಳುವವರು ನಾವೇ ಆಗಬೇಕು ಎನ್ನುವ ಸಣ್ಣ ಹಟವೂ ಸೇರಿತು ಎನ್ನಿ. ಆದರೆ ಹೊಲಿಯುವವನಿಗೆ ಖಾದಿ ಇಷ್ಟವಾಗುವ ನಿಜವಾದ ಕಾರಣ, ಅದು ಜಾರುವುದಿಲ್ಲ. ಎರಡು ಪದರ ಒಂದರ ಮೇಲೊಂದು ಇಟ್ಟರೆ ಇಟ್ಟಲ್ಲೇ ಇರುತ್ತವೆ. ಹೊಸದಾಗಿ ಕಲಿಯುವವರು ಜಾರ್ಜೆಟ್, ಸಾಟಿನ್ ಕಡೆ ಕಣ್ಣೆತ್ತಿಯೂ ನೋಡಬಾರದು.

ಖಾದಿಗೆ ಒಂದು ದೊಡ್ಡ ಅವಗುಣವಿದೆ, ಕುಗ್ಗುವುದು. ನಮ್ಮ ಓಣಿಯ ಟೇಲರ್ ಕಾಕಾ ಮೊದಲನೇ ದಿನವೇ ಹೇಳಿದ್ದರು: "ಸರ, ಬಟ್ಟಿಗೆ ಮೊದಲು ಹೊಟ್ಟಿ ತುಂಬ ನೀರು ಕುಡಸ್ರಿ, ಆಮ್ಯಾಲೆ ಕತ್ರಿ ಹಚ್ರಿ." ನಾನು ಅದಕ್ಕೊಂದು ಲೆಕ್ಕ ಸೇರಿಸಿಕೊಂಡೆ. ಬಟ್ಟೆ ತಂದ ಕೂಡಲೇ ಒಂದು ಮೂಲೆಯಲ್ಲಿ ಹತ್ತು ಇಂಚಿನ ಚೌಕಾಕಾರವನ್ನು ದಾರದಿಂದ ಕಚ್ಚಾ ಹೊಲಿಗೆ ಹಾಕಿ ಗುರುತು ಮಾಡುತ್ತೇನೆ. ರಾತ್ರಿಯಿಡೀ ನೆನೆಸಿ, ಹಿಂಡದೆ ನೆರಳಿಗೆ ಹಾಕಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ ಮತ್ತೆ ಅಳೆಯುವುದು. ಹಾಸಿನ, ಅಂದರೆ ಉದ್ದ ಎಳೆಯ ಕಡೆ ಸಾಮಾನ್ಯವಾಗಿ ಹೆಚ್ಚು ಕುಗ್ಗುತ್ತದೆ, ಹೊಕ್ಕಿನ, ಅಂದರೆ ಅಡ್ಡ ಎಳೆಯ ಕಡೆ ಕಡಿಮೆ. ಹತ್ತು ಇಂಚು ಇದ್ದದ್ದು ಒಂಬತ್ತೂವರೆ ಆಯಿತು ಎಂದರೆ 30 ಇಂಚು ಉದ್ದದ ಅಂಗಿಯಲ್ಲಿ ಒಂದೂವರೆ ಇಂಚು ಹೋದಂತೆ. ಹೊಲಿದ ಮೇಲೆ ಹೋಗುವ ಬದಲು ಮೊದಲೇ ಹೋಗಲಿ. ಎರಡನೇ ಸಲ ನೆನೆಸಿದಾಗಲೂ ಚೌಕ ಕುಗ್ಗಿದರೆ ಮೂರನೇ ಸಲವೂ ನೆನೆಸುತ್ತೇನೆ.

ಪನ್ನ, ಅಂದರೆ ಬಟ್ಟೆಯ ಅಗಲ, ನೋಡಿಕೊಂಡು ಬಟ್ಟೆ ತರಬೇಕು. ಗಿರಣಿ ಬಟ್ಟೆ 58 ಇಂಚು ಪನ್ನದ್ದಾದರೆ ಮಧ್ಯಮ ಮೈಕಟ್ಟಿನವರ ತುಂಬು ತೋಳಿನ ಅಂಗಿಗೆ 1.6 ಮೀಟರ್ ಸಾಕು. ಖಾದಿ 36 ಇಂಚಿನದಾದರೆ ಎರಡೂವರೆ ಮೀಟರ್‌ಗೆ ಕಡಿಮೆ ತಂದರೆ ತೋಳು ಕತ್ತರಿಸುವಾಗ ಒದ್ದಾಟ. ಕುಗ್ಗುವುದನ್ನು ಲೆಕ್ಕ ಹಿಡಿದು ನಾನು ಮೂರು ಮೀಟರ್ ತರುತ್ತೇನೆ. ಉಳಿದ ತುಂಡು ಕಿಸೆಗೆ, ಕರವಸ್ತ್ರಕ್ಕೆ, ಮಷೀನಿನ ದಾರದ ಬಿಗಿ, ಅಂದರೆ ಟೆನ್ಷನ್ ನೋಡಲು ಬೇಕೇ ಬೇಕು.

ಅಳತೆಗೆ ಪುಸ್ತಕದ ಸೂತ್ರಗಳಿವೆ. ಎದೆ ಸುತ್ತಳತೆಯ ಕಾಲು ಭಾಗ, ಅದಕ್ಕಿಷ್ಟು ಲೂಸು, ಹೊಲಿಗೆಯ ಆಚೆ ಬಿಡುವ ಅಂಚು ಅಂದರೆ ಮಾರ್ಜಿನ್ ಇಷ್ಟು ಎನ್ನುವ ಲೆಕ್ಕ. ತಪ್ಪಲ್ಲ. ಆದರೆ ಸೂತ್ರ ನಿಮ್ಮ ಮೈಯನ್ನು ಕಂಡಿರುವುದಿಲ್ಲ. ನಾನು ಹಿಡಿದ ದಾರಿ ಬೇರೆ. ಇದ್ದುದರಲ್ಲಿ ಚೆನ್ನಾಗಿ ಕೂಡುತ್ತಿದ್ದ, ಕಾಲರ್ ಸವೆದು ಹೋದ ಹಳೆಯ ಅಂಗಿಯೊಂದನ್ನು ತೆಗೆದುಕೊಂಡು ಅದರ ಎಡ ಅರ್ಧವನ್ನು ಮಾತ್ರ ಹೊಲಿಗೆ ಹೊಲಿಗೆಯಾಗಿ ಬಿಚ್ಚಿದೆ. ಬಲ ಅರ್ಧವನ್ನು ಮುಟ್ಟಲಿಲ್ಲ. ಬಿಚ್ಚಿದ ತುಂಡುಗಳಿಗೆ ಇಸ್ತ್ರಿ ಮಾಡಿ ಖಾಕಿ ಕಾಗದದ ಮೇಲಿಟ್ಟು ಗೆರೆ ಎಳೆದರೆ ಕಟಿಂಗ್ ಸಿಕ್ಕಿತು. ಯಾವ ತುಂಡಿಗೆ ಯಾವುದು ಮೊದಲು ಸೇರಬೇಕು, ತೋಳಿನ ಮಡಿಕೆ ಯಾವ ಕಡೆ ತಿರುಗಿದೆ ಎಂದು ಅನುಮಾನ ಬಂದಾಗಲೆಲ್ಲ ಬಿಚ್ಚದೆ ಉಳಿದ ಅರ್ಧವನ್ನು ತಿರುಗಿಸಿ ನೋಡುವುದು. ಎಷ್ಟೋ ವಿಡಿಯೋ ನೋಡಿ ತಿಳಿಯದ್ದು ಈ ಅರ್ಧ ಅಂಗಿಯಿಂದ ತಿಳಿಯಿತು.

ಭುಜದ ತಿದ್ದುಪಡಿ ಮಾಡಿದ್ದು ಕಾಗದದ ಮೇಲೆಯೇ. ಬೆನ್ನಿನ ಮೇಲ್ಪಟ್ಟಿಯಲ್ಲಿ, ಅಂದರೆ ಯೋಕ್‌ನಲ್ಲಿ, ಬಲ ಭುಜದ ತುದಿಯನ್ನು ಅರ್ಧ ಇಂಚು ಇಳಿಸಿದೆ. ಅಷ್ಟೇ ಮಾಡಿ ಬಿಟ್ಟರೆ ಆರ್ಮ್‌ಹೋಲ್, ಅಂದರೆ ತೋಳು ಕೂಡುವ ಬಾಯಿ, ಚಿಕ್ಕದಾಗಿ ಕಂಕುಳು ಹಿಡಿಯುತ್ತದೆ. ಆದ್ದರಿಂದ ಆ ಬದಿಯ ಆರ್ಮ್‌ಹೋಲಿನ ತಳವನ್ನೂ ಅರ್ಧ ಇಂಚು ಇಳಿಸಬೇಕು. ಆಗ ಸುತ್ತಳತೆ ಮೊದಲಿದ್ದಷ್ಟೇ ಉಳಿಯುತ್ತದೆ, ತೋಳು ಬದಲಿಸುವ ಗೋಜಿಲ್ಲ. ಹಳೆಯ ಬೆಡ್‌ಶೀಟಿನಲ್ಲಿ ಒಂದು ಮಾದರಿ ಹೊಲಿದು ತೊಟ್ಟು ನೋಡಿದೆ. ಕಾಲರ್ ಇಲ್ಲ, ಗುಂಡಿ ಇಲ್ಲ, ಮುಂದೆ ಟಾಚಣಿ. ಓರೆ ಸುಕ್ಕು ಮಾಯ! ಮನೆಯವಳು ನೋಡಿ "ಬೆಡ್‌ಶೀಟ್ ಉಟ್ಕೊಂಡು ಯಾಕ ನಗ್ತೀರಿ?" ಅಂದಳು.

ಬಣ್ಣದ ಬಟ್ಟೆಯಾಗಲಿ ಬಿಳಿಯಾಗಲಿ, ಕತ್ತರಿಸುವ ಮುನ್ನ ಒಂದು ಹೊಕ್ಕಿನ ಎಳೆಯನ್ನು ಎಳೆದು ತೆಗೆದು, ಆ ಗೆರೆಯ ಗುಂಟ ತುದಿಯನ್ನು ನೇರ ಮಾಡಿಕೊಳ್ಳುತ್ತೇನೆ. ಅಂಗಡಿಯಲ್ಲಿ ಹರಿದುಕೊಟ್ಟ ಬಟ್ಟೆಗೆ ಇದು ಬೇಡ, ಕತ್ತರಿಯಿಂದ ಕತ್ತರಿಸಿ ಕೊಟ್ಟದ್ದಕ್ಕೆ ಬೇಕು. ಎಳೆ ವಾರೆಯಾಗಿರುವ ಬಟ್ಟೆಯಲ್ಲಿ ಹೊಲಿದ ಅಂಗಿಯ ಪಕ್ಕದ ಹೊಲಿಗೆ ಎರಡು ಒಗೆತಕ್ಕೆ ಹೊಟ್ಟೆಯ ಮೇಲೆ ತಿರುಗಿ ಬರುತ್ತದೆ.

ಸೂಜಿ, ದಾರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಖಾದಿಗೆ 14ನೇ ನಂಬರ್ ಸೂಜಿ, ಕಾಲರ್‌ನ ದಪ್ಪ ಪದರಗಳಿಗೆ 16. ಇಂಚಿಗೆ ಹತ್ತರಿಂದ ಹನ್ನೆರಡು ಹೊಲಿಗೆ. ಬಟ್ಟೆಯ ಕೆಳಗೆ ದಾರ ಗಂಟುಗಂಟಾಗಿ ಕಾಣಿಸಿದರೆ ಎಲ್ಲರೂ ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಕೇಸಿನ ಸ್ಕ್ರೂ ತಿರುಗಿಸಲು ಹೋಗುತ್ತಾರೆ. ಸಾಮಾನ್ಯವಾಗಿ ದೋಷ ಇರುವುದು ಮೇಲಿನ ದಾರದಲ್ಲಿ. ಅದು ಟೆನ್ಷನ್ ಬಿಲ್ಲೆಗಳ ನಡುವೆ ಕೂತಿರುವುದಿಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫೂಟ್ ಎತ್ತಿ, ಮೇಲಿನ ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿ. ಖಾದಿ ನಾರು ಬಿಡುವ ಬಟ್ಟೆ, ಬಟ್ಟೆಯನ್ನು ಮುಂದೆ ಸರಿಸುವ ಹಲ್ಲುಗಳ ಕೆಳಗೆ ಬೂದು ಬಣ್ಣದ ಹಿಂಜಿ ಕೂರುತ್ತದೆ. ಪ್ರತಿ ಅಂಗಿಗೊಮ್ಮೆ ತಟ್ಟೆ ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಗುಡಿಸಿ ಎಣ್ಣೆ ಬಿಡುವುದು, ನಂತರ ಚಿಂದಿಯ ಮೇಲೆ ಸ್ವಲ್ಪ ಹೊತ್ತು ಓಡಿಸುವುದು. ಇಲ್ಲದಿದ್ದರೆ ಹೊಸ ಅಂಗಿಯ ಎದೆಯ ಮೇಲೆ ಎಣ್ಣೆ ಕಲೆ.

ಮನೆಯಲ್ಲಿ ಅಂಚಿನ ಎಳೆ ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮಷೀನು ಇಲ್ಲ, ಖಾದಿಯೋ ಅಂಚಿನಲ್ಲಿ ಎಳೆ ಬಿಡುತ್ತದೆ. ಹೀಗಾಗಿ ಪಕ್ಕದ ಹೊಲಿಗೆಗಳನ್ನೆಲ್ಲ ಮಡಚಿ ಹೊಲಿಯುತ್ತೇನೆ. ಒಂದು ಪದರದ ಮಾರ್ಜಿನ್ ಕಿರಿದು, ಇನ್ನೊಂದರದ್ದು ಅಗಲ. ಹೊಲಿದ ಮೇಲೆ ಅಗಲದ್ದನ್ನು ಕಿರಿದರ ಮೇಲೆ ಸುತ್ತಿ, ಇಸ್ತ್ರಿ ಒತ್ತಿ, ಬಟ್ಟೆಗೆ ಒರಗಿಸಿ ಇನ್ನೊಂದು ಹೊಲಿಗೆ. ಒಳಗೂ ಹೊರಗೂ ಒಂದು ಎಳೆ ಕಾಣುವುದಿಲ್ಲ. ಒಳ್ಳೆಯ ಅಂಗಿಯನ್ನು ಒಳಮೈ ತಿರುಗಿಸಿ ನೋಡಿದರೆ ಇದೇ ಹೊಲಿಗೆ ಇರುತ್ತದೆ. ಇದಕ್ಕೆ ಇಸ್ತ್ರಿ ಪೆಟ್ಟಿಗೆ ಮಷೀನಿನ ಪಕ್ಕದಲ್ಲೇ ಬಿಸಿಯಾಗಿ ಇರಬೇಕು. ಲೆಕ್ಕ ಹಾಕಿದರೆ ನಾನು ಪೆಡಲು ತುಳಿದದ್ದಕ್ಕಿಂತ ಇಸ್ತ್ರಿ ಒತ್ತಿದ್ದೇ ಹೆಚ್ಚು.

ಈಗ ಕಾಲರ್. ಅಂಗಿ ಹೊಲಿಯುವವರ ಕೈ ಎಷ್ಟು ಪಳಗಿದೆ ಎನ್ನುವುದು ತಿಳಿಯುವುದು ಇಲ್ಲೇ, ಅವಸರ ಮಾಡದೆ ಹೇಳುತ್ತೇನೆ. ಕಾಲರ್‌ಗೆ ಎರಡು ಭಾಗ: ಮಡಚಿ ಬೀಳುವ ಎಲೆ, ಕುತ್ತಿಗೆಗೆ ನಿಲ್ಲುವ ಪಟ್ಟಿ. ಎಲೆಯ ಮೇಲಿನ ಪದರಕ್ಕೆ ಬಕ್ರಂ, ಅಂದರೆ ಗಟ್ಟಿ ಒಳಬಟ್ಟೆ, ಅಂಟಿಸುತ್ತೇನೆ. ಕೆಳಗಿನ ಪದರವನ್ನು ಎರಡೂ ಬದಿ ಮತ್ತು ತುದಿಯಲ್ಲಿ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಚಿಕ್ಕದಾಗಿ ಕತ್ತರಿಸಬೇಕು. ಎರಡನ್ನೂ ಅಂಚಿಗೆ ಅಂಚು ಸೇರಿಸಿ ಹೊಲಿದಾಗ ಕೆಳಪದರ ಬಿಗಿಯಾಗಿ, ತಿರುವಿ ಹಾಕಿದ ಮೇಲೆ ಹೊಲಿಗೆ ತಾನಾಗಿಯೇ ಕೆಳಗೆ ಅಡಗುತ್ತದೆ, ಕಾಲರ್ ತುದಿ ಮೇಲಕ್ಕೆ ಏಳದೆ ಎದೆಯ ಕಡೆ ಬಾಗುತ್ತದೆ. ಎರಡೂ ಪದರ ಒಂದೇ ಅಳತೆಯದಾದರೆ ತುದಿಗಳು ಹಪ್ಪಳದಂತೆ ಏಳುತ್ತವೆ.

ಮೂಲೆ ಚೂಪಾಗಿ ಬರಲು ಕಾಕಾ ತೋರಿಸಿದ ಉಪಾಯವಿದೆ. ಮೂಲೆಗೆ ಬಂದಾಗ ಸೂಜಿ ಬಟ್ಟೆಯಲ್ಲೇ ಇರಲಿ. ಎರಡು ಪದರಗಳ ನಡುವೆ ಒಂದು ಗಟ್ಟಿ ದಾರವನ್ನು ಅರ್ಧಕ್ಕೆ ಮಡಚಿ, ಮಡಿಕೆ ಸೂಜಿಗೆ ತಾಗುವಂತೆ ಒಳಗಿಡಬೇಕು. ಅದರ ಎರಡು ತುದಿಗಳು ಕಾಲರ್‌ನ ಒಳಕ್ಕೆ ಚಾಚಿರಲಿ. ಮೂಲೆಯಲ್ಲಿ ಅಡ್ಡಕ್ಕೆ ಒಂದೇ ಒಂದು ಹೊಲಿಗೆ ಹಾಕಿ ಆ ದಾರವನ್ನು ಹಿಡಿದು, ಆಮೇಲೆ ತಿರುಗಿ ಮುಂದುವರಿಯುವುದು. ಮಾರ್ಜಿನ್ ಕತ್ತರಿಸಿ, ದಾರದ ತುದಿ ಎಳೆದರೆ ಮೂಲೆ ಚೂಪಾಗಿ ಹೊರಗೆ ಬರುತ್ತದೆ. ದಾರವನ್ನು ಎಳೆದು ತೆಗೆದರಾಯಿತು. ಕತ್ತರಿಯ ತುದಿಯಿಂದ ಮೂಲೆ ಚುಚ್ಚಿ ತೂತು ಮಾಡಿಕೊಳ್ಳುವ ಭಯವಿಲ್ಲ.

ಪಟ್ಟಿಯನ್ನು ಅಂಗಿಗೆ ಕೂಡಿಸುವ ಮುನ್ನ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಕುತ್ತಿಗೆಯ ಹೊಲಿಗೆ ಗೆರೆಯನ್ನು ಅಳೆಯಿರಿ, ಬಟ್ಟೆಯ ಅಂಚನ್ನಲ್ಲ. ಕುತ್ತಿಗೆಯ ಬಳುಕಿನಲ್ಲಿ ಎಳೆ ಓರೆಯಾಗಿರುವುದರಿಂದ ಹಿಡಿದು ಎತ್ತಿದರೂ ಹಿಗ್ಗುತ್ತದೆ. ಬಟ್ಟೆ ಕತ್ತರಿಸಿದ ತಕ್ಷಣ ಕುತ್ತಿಗೆಯ ಸುತ್ತ ಒಂದು ಸುತ್ತು ಸಾದಾ ಹೊಲಿಗೆ ಹಾಕಿಟ್ಟರೆ ಹಿಗ್ಗುವುದಿಲ್ಲ.

ನನ್ನ ಅಂಗಿಗಳಲ್ಲಿ ಒಂದು ಗುಟ್ಟು ಇದೆ, ಯೋಕ್‌ನ ಒಳಪದರ. ಹೊರಗೆ ಖಾದಿ, ಒಳಗೆ ಕುಪ್ಪಸದ ಬಟ್ಟೆಯಾದ ಗುಳೇದಗುಡ್ಡದ ಖಣ. ಉಡಿ ತುಂಬುವಾಗ ಬಂದ ಖಣಗಳು ಅವ್ವನ ಟ್ರಂಕಿನಲ್ಲಿ ತ್ರಿಕೋನಕ್ಕೆ ಮಡಚಿದ ಹಾಗೇ ಕೂತಿದ್ದವು. ಈಗ ಕುಪ್ಪಸ ಹೊಲಿಸಿಕೊಳ್ಳುವವರು ಯಾರೂ ಇಲ್ಲ. "ಉಡಿ ಖಣ ಗಂಡಸರ ಅಂಗಿಗೆ ಹಚ್ತಿ?" ಎಂದು ಅವ್ವ ಮೊದಲು ಮುಖ ಸಿಂಡರಿಸಿದಳು. ಸೂಜಿಮಲ್ಲಿಗೆ ಬುಟ್ಟಾದ ಮೆಂತ್ಯ ಬಣ್ಣದ ತುಂಡು ಬಿಳಿ ಖಾದಿಯೊಳಗೆ ಕೂತದ್ದನ್ನು ನೋಡಿದ ಮೇಲೆ ತಾನೇ ಟ್ರಂಕು ತೆಗೆದು ಬಣ್ಣ ಆರಿಸಿಕೊಡುತ್ತಾಳೆ. ಖಣದ ಪನ್ನ ಕಿರಿದು, ಅಂಗಿಗೆ ಸಾಲುವುದಿಲ್ಲ, ಯೋಕ್‌ಗೆ ಬೇಕಾದಷ್ಟಾಯಿತು. ಹಚ್ಚುವ ಮುನ್ನ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಲೇಬೇಕು. ಕೆಂಪು ಖಣ ಬಿಟ್ಟಿತು, ಅದನ್ನು ಟ್ರಂಕಿಗೇ ವಾಪಸ್ ಇಟ್ಟೆ.

ಗುಂಡಿ ಮನೆಯಲ್ಲೇ ಹಚ್ಚುತ್ತೇನೆ. ಕಾಜಾ, ಅಂದರೆ ಗುಂಡಿಯ ತೂತು, ಮಾತ್ರ ಮಾರ್ಕೆಟ್ಟಿನ ಕಾಜಾ-ಬಟನ್ ಅಂಗಡಿಗೆ ಕೊಡುತ್ತೇನೆ. ಕೈಯಿಂದ ಕಾಜಾ ಹಾಕಲು ಬರುತ್ತದೆ, ಆದರೆ ಖಾದಿ ಎಳೆ ಬಿಡುವುದರಿಂದ ಒಂದೊಂದಕ್ಕೂ ಅರ್ಧ ಗಂಟೆ ಕೂರುವ ತಾಳ್ಮೆ ನನಗಿಲ್ಲ. ಎಲ್ಲವನ್ನೂ ನಾನೇ ಮಾಡಿದೆ ಎನ್ನುವ ಹೆಮ್ಮೆಗಾಗಿ ಭಾನುವಾರ ಕಳೆಯಬೇಕಿಲ್ಲ.

ಚಳಿಗಾಲದಲ್ಲಿ ಉಲ್ಲನ್ ಹಿಡಿಯುತ್ತೇನೆ. ಹೆಣಿಗೆಯ ಮೊದಲ ಪಾಠವಾದ ಸೀದಾ-ಉಲ್ಟಾ ಕಲಿಸಿದ್ದು ಪಕ್ಕದ ಮನೆಯ ಮಾವಶಿ. ಹೆಣಿಗೆಯಲ್ಲಿ ಬಿಚ್ಚಿ ಮತ್ತೆ ಹೆಣೆಯಬಹುದು, ಕತ್ತರಿಯ ಭಯವಿಲ್ಲ, ಹಾಗಾಗಿ ನಿರ್ಭಯವಾಗಿ ಕೂರಬಹುದು ಎಂದು ತಿಳಿಯಬೇಡಿ. ಮಾದರಿ ತುಂಡು ಹೆಣೆಯದೆ ಸ್ವೆಟರ್ ಶುರು ಮಾಡುವವರೇ ಹೆಚ್ಚು. ನಾಲ್ಕು ಇಂಚಿಗೆ 22 ಮನೆ, ಅಂದರೆ ಕಡ್ಡಿಯ ಮೇಲಿನ ಕುಣಿಕೆ, ಬರುವ ಕೈಯಲ್ಲಿ 220 ಮನೆ ಹಾಕಿದರೆ 40 ಇಂಚಿನ ಸುತ್ತಳತೆ. ಸಡಿಲ ಕೈಯವರಿಗೆ ನಾಲ್ಕು ಇಂಚಿಗೆ 20 ಮನೆ ಬಂದರೆ ಅದೇ 220 ಮನೆ 44 ಇಂಚು ಆಗುತ್ತದೆ. ಅಂಗೈಯಷ್ಟು ತುಂಡಿನಲ್ಲಿ ಕೇವಲ ಎರಡು ಮನೆಯ ವ್ಯತ್ಯಾಸ! ನನ್ನ ಕೈ ಸಡಿಲ, ಆದ್ದರಿಂದ 8ನೇ ನಂಬರ್ ಕಡ್ಡಿ ಎಂದು ಬರೆದಿದ್ದರೆ ನಾನು 9 ಹಿಡಿಯುತ್ತೇನೆ. ನಮ್ಮಲ್ಲಿ ಸಿಗುವ ಕಡ್ಡಿಗಳಲ್ಲಿ ನಂಬರ್ ಹೆಚ್ಚಾದಂತೆ ಕಡ್ಡಿ ತೆಳು.

ಇದರಿಂದ ದುಡ್ಡು ಉಳಿಯುತ್ತದೆಯೇ ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಇಲ್ಲ. ಒಳ್ಳೆಯ ಖಾದಿ, ಬಕ್ರಂ, ಗುಂಡಿ, ದಾರ ಸೇರಿಸಿದರೆ ರಿಯಾಯಿತಿಯಲ್ಲಿ ಸಿಗುವ ರೆಡಿಮೇಡ್ ಅಂಗಿಯೇ ಅಗ್ಗ. ನನ್ನ ಹೊತ್ತನ್ನಂತೂ ಲೆಕ್ಕಕ್ಕೇ ಹಿಡಿದಿಲ್ಲ.

ಇತ್ತೀಚೆಗೆ ಮನೆಯಲ್ಲಿ ಗಿರಾಕಿಯೊಬ್ಬಳು ಹುಟ್ಟಿಕೊಂಡಿದ್ದಾಳೆ. ಅಂಗಡಿಯಿಂದ ತಂದ ಚೂಡಿದಾರದ ಟಾಪುಗಳಿಗೆ ಕಿಸೆಯೇ ಇಲ್ಲವೆಂದು ಮಗಳು ನಾಲ್ಕನ್ನು ತಂದು ಮಷೀನಿನ ಮೇಲೆ ಒಗೆದಳು. "ಅಪ್ಪಾ, ಎರಡೂ ಕಡೆ ಕಿಸೆ ಇಡು. ಫೋನ್ ಪೂರ್ತಿ ಒಳಗ ಹೋಗಬೇಕು ನೋಡು." ಪಕ್ಕದ ಹೊಲಿಗೆಯನ್ನು ಸೊಂಟದಿಂದ ಎರಡೂವರೆ ಇಂಚು ಕೆಳಗೆ, ಆರೂವರೆ ಇಂಚು ಬಿಚ್ಚಿ, ಅವಳ ಅಂಗೈಯನ್ನೇ ಕಾಗದದ ಮೇಲಿಟ್ಟು ಸುತ್ತ ಒಂದು ಇಂಚು ಬಿಟ್ಟು ಕಿಸೆ ಕತ್ತರಿಸಿದೆ. ಬಿಚ್ಚಿದ ಬಾಯಿಯ ಎರಡೂ ತುದಿಗೆ ಹಿಂದೆ-ಮುಂದೆ ಹೊಲಿದು ಗಟ್ಟಿ ಮಾಡದಿದ್ದರೆ ಫೋನಿನ ಭಾರಕ್ಕೆ ಅಲ್ಲಿಂದಲೇ ಹರಿಯುತ್ತದೆ. ಸೀಳು ಬಹಳ ಮೇಲಿರುವ ಟಾಪಿನಲ್ಲಿ ಈ ಕಿಸೆ ಕೂರುವುದಿಲ್ಲ, ಕೆಳಗಿನ ತುದಿ ಸೀಳಿನಿಂದ ಹೊರಗೆ ಇಣುಕುತ್ತದೆ. ಅಂಥವು ಎರಡು ಇದ್ದವು. ಅವಕ್ಕೆ ಮುಂದುಗಡೆ ಹೊರಗಿನಿಂದಲೇ ಖಣದ ಕಿಸೆ ಹಚ್ಚಿದೆ, ಖಣದ ಅಂಚು ಕಿಸೆಯ ಬಾಯಿಗೆ ಬರುವಂತೆ. ಈಗ ಅವಳ ಗೆಳತಿಯರ ಟಾಪುಗಳೂ ಬರತೊಡಗಿವೆ.