ಬಿಳಿ ಹುಲಿಯ ಬಣ್ಣದಲ್ಲಿ ಸೂಪರ್ ಹಾರ್ನೆಟ್: 1/72 ಅಳತೆಯ ವಾಟ್-ಇಫ್ ಮಾದರಿ ಕಟ್ಟುವ ಬಗೆ

ಭಾರತೀಯ ನೌಕಾಪಡೆಗೆ ಯುದ್ಧವಿಮಾನ ಆರಿಸುವ ಸ್ಪರ್ಧೆಯಲ್ಲಿ, 2022ರಲ್ಲಿ ಗೋವಾದ ಐಎನ್‌ಎಸ್ ಹನ್ಸಾ ನೆಲೆಯ ಸ್ಕೀ-ಜಂಪ್‌ನಿಂದ (ತುದಿ ಮೇಲಕ್ಕೆ ಬಾಗಿದ ಓಟದ ಹಾದಿ) ಫ್ರಾನ್ಸಿನ ರಫಾಲ್-ಎಂ, ಅಮೆರಿಕದ ಸೂಪರ್ ಹಾರ್ನೆಟ್ ಎರಡೂ ಹಾರಿ ತೋರಿಸಿದವು. 2025ರ ಏಪ್ರಿಲ್‌ನಲ್ಲಿ 26 ರಫಾಲ್-ಎಂ ಖರೀದಿಗೆ ಸಹಿ ಬಿತ್ತು. ಅಂದು ಹಾರ್ನೆಟ್ ಗೆದ್ದಿದ್ದರೆ? ನಾವು ಕಟ್ಟಲಿರುವುದು ಆ ವಿಮಾನವನ್ನು. ವಾಟ್-ಇಫ್ ಮಾದರಿಯಲ್ಲಿ, ಅಂದರೆ ‘ಹೀಗಾಗಿದ್ದರೆ?’ ಎಂದು ಕಲ್ಪಿಸಿ ಕಟ್ಟುವ ಮಾದರಿಯಲ್ಲಿ, ಊಹೆ ಒಂದೇ ಇರಬೇಕು, ಉಳಿದ ಬದಲಾವಣೆಗಳೆಲ್ಲ ಅದರಿಂದಲೇ ಹುಟ್ಟಬೇಕು. ಕೈಗೆ ಸಿಕ್ಕಿದ ಕ್ಷಿಪಣಿಗಳನ್ನೆಲ್ಲ ನೇತುಹಾಕಿದರೆ ನೋಡುವವರಿಗೆ ನಂಬಿಕೆ ಹುಟ್ಟುವುದಿಲ್ಲ.

ನಮ್ಮ ಊಹೆಯಿಂದ ಏನೇನು ಹುಟ್ಟುತ್ತದೆ ನೋಡೋಣ. ನಮ್ಮ ವಿಮಾನವಾಹಕ ಹಡಗುಗಳಾದ ವಿಕ್ರಮಾದಿತ್ಯ, ವಿಕ್ರಾಂತ್ ಎರಡರಲ್ಲೂ ವಿಮಾನವನ್ನು ಮುಂದಕ್ಕೆ ಎಳೆದು ಚಿಮ್ಮಿಸುವ ಕ್ಯಾಟಪಲ್ಟ್ ಇಲ್ಲ. ವಿಮಾನ ತನ್ನ ಎಂಜಿನ್ ಬಲದಿಂದಲೇ ಓಡಿ ಇಳಿಜಾರು ಹತ್ತಿ ಹಾರಬೇಕು, ಹಾಗಾಗಿ ಹೊರೆ ಹಗುರವಾಗಿರಬೇಕು. ರೆಕ್ಕೆಯಡಿ ದೊಡ್ಡ ಇಂಧನ ಟ್ಯಾಂಕ್ ತೂಗುಹಾಕುವ ಬದಲು ಬೆನ್ನಿಗಂಟಿದ ಕನ್ಫಾರ್ಮಲ್ ಟ್ಯಾಂಕ್ ಇಟ್ಟರೆ ಗಾಳಿಯ ಅಡ್ಡಿಯೂ ಕಡಿಮೆ. ಇದು ಪೂರ್ತಿ ಕಲ್ಪನೆಯೇನಲ್ಲ: 2013ರಲ್ಲಿ ಬೋಯಿಂಗ್ ಇಂಥ ಟ್ಯಾಂಕುಗಳನ್ನು ಹಾರ್ನೆಟ್ ಮೇಲೆ ಕೂರಿಸಿ ಹಾರಿಸಿತ್ತು, ಅಮೆರಿಕದ ನೌಕಾಪಡೆ ಆಮೇಲೆ ಅವನ್ನು ಕೈಬಿಟ್ಟಿತು. ಸ್ಕ್ವಾಡ್ರನ್ ಯಾವುದೆಂದರೆ ಐಎನ್‌ಎಎಸ್ 300, ‘ವೈಟ್ ಟೈಗರ್ಸ್’. 1960ರಲ್ಲಿ ಸೀ ಹಾಕ್‌ನಿಂದ ಶುರುವಾಗಿ, 1983ರಿಂದ ಸೀ ಹ್ಯಾರಿಯರ್ ಹಾರಿಸಿ, 2016ರಲ್ಲಿ ಮಿಗ್-29ಕೆಗೆ ಬದಲಾದ ದಳ. ಅವರ ಹಳೆಯ ಹ್ಯಾರಿಯರ್ ಬಣ್ಣವನ್ನೇ ಸ್ಮರಣೆಗೆಂದು ತೊಟ್ಟ ಒಂದು ಹಾರ್ನೆಟ್ ಎಂದುಕೊಳ್ಳಿ: ಮೇಲೆ ಎಕ್ಸ್‌ಟ್ರಾ ಡಾರ್ಕ್ ಸೀ ಗ್ರೇ, ಕೆಳಗೆ ಬಿಳಿ.

ಬೇಕಾಗುವುದು: 1/72ರ ಎಫ್/ಎ-18ಇ ಕಿಟ್ (ಒಂಟಿ ಆಸನದ್ದು, ಹಸೆಗಾವಾ ಆದೀತು), ಎರಡು ಭಾಗದ ಎಪಾಕ್ಸಿ ಪುಟ್ಟಿ ಸುಮಾರು 25 ಗ್ರಾಂ, 0.25 ಮಿ.ಮೀ. ಪ್ಲಾಸ್ಟಿಕ್ ಹಾಳೆ, 2.5 ಮಿ.ಮೀ. ಪ್ಲಾಸ್ಟಿಕ್ ಕಡ್ಡಿ, ಗಾಳಕ್ಕೆ ಕಟ್ಟುವ ಸೀಸದ ಗುಂಡು, ಬೆಸುಗೆ ತಂತಿ, 240ರಿಂದ 1000ದವರೆಗಿನ ಎಮರಿ ಪೇಪರ್. ಮುಗಿದ ಮಾದರಿ ಸುಮಾರು 25 ಸೆಂ.ಮೀ. ಉದ್ದ, 19 ಸೆಂ.ಮೀ. ಅಗಲ ಇರುತ್ತದೆ.

ಮೊದಲು ತೂಕ

ಬೆನ್ನ ಮೇಲೆ ಗಟ್ಟಿ ಪುಟ್ಟಿ ಕೂರಿಸುವುದರಿಂದ ತೂಕದ ಲೆಕ್ಕ ಕಿಟ್‌ನ ಸೂಚನೆ ಹಾಳೆಯಂತೆ ನಡೆಯುವುದಿಲ್ಲ. ಅಂಟು ಹಾಕುವ ಮೊದಲೇ ಒಡಲು, ರೆಕ್ಕೆ, ಬಾಲಗಳನ್ನು ಟೇಪಿನಲ್ಲಿ ಜೋಡಿಸಿ, ಟ್ಯಾಂಕ್ ಬರುವ ಜಾಗದಲ್ಲಿ 8 ಗ್ರಾಂನಂತೆ ಎರಡು ಉಂಡೆ ಪುಟ್ಟಿ ಇಡಿ. ಹಿಂದಿನ ಚಕ್ರಗಳು ನೆಲ ಮುಟ್ಟುವ ಗೆರೆಯ ಕೆಳಗೆ ಒಂದು ಪೆನ್ಸಿಲ್ ಅಡ್ಡ ಇಟ್ಟು ಮೂಗು ತಾನಾಗಿ ಕೆಳಗಿಳಿಯುತ್ತದಾ ನೋಡಿ. ಇಳಿಯದಿದ್ದರೆ ಇಳಿಯುವಷ್ಟು ಸೀಸ, ಜೊತೆಗೆ 2 ಗ್ರಾಂ ಹೆಚ್ಚು, ಮೂಗಿನೊಳಗೆ ತುಂಬಿ. ಸೀಸವನ್ನು ಬಿಳಿ ಫೆವಿಕಾಲ್ ತರಹದ ಅಂಟಿನಲ್ಲಿ ಕೂರಿಸಲೇಬೇಡಿ. ಅದರ ಜೊತೆ ಸೀಸ ನಿಧಾನವಾಗಿ ಪ್ರತಿಕ್ರಿಯಿಸಿ ಉಬ್ಬುತ್ತದೆ, ವರ್ಷಗಳ ಮೇಲೆ ಮೂಗಿನ ಬೆಸುಗೆಯೇ ಬಿರಿಯುತ್ತದೆ. ಎಪಾಕ್ಸಿ ಬಳಸಿ.

ಕನ್ಫಾರ್ಮಲ್ ಟ್ಯಾಂಕ್

ಈ ಮಾದರಿಯ ಜೀವ ಇರುವುದು ಇಲ್ಲಿ. ಒಡಲು, ರೆಕ್ಕೆ ಅಂಟಿ ಒಣಗಿದ ಮೇಲೆ ಶುರುಮಾಡಿ. ಗಡಿ ಹೀಗೆ: ಮುಂದೆ, ಕ್ಯಾನಪಿ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ) ಹಿಂಬದಿಯ ಕೀಲಿನಲ್ಲಿ ಎದ್ದು ತೆರೆಯುವುದರಿಂದ ಟ್ಯಾಂಕ್ ಅದರ ಹಿಂದೆಯೇ ಶುರುವಾಗಬೇಕು. ಹಿಂದೆ, ಬಾಲದ ರೆಕ್ಕೆಗಳ ಬುಡಕ್ಕಿಂತ ಮೊದಲೇ ಸಪೂರವಾಗಿ ಮುಗಿಯಬೇಕು. ಪಕ್ಕದಲ್ಲಿ, ರೆಕ್ಕೆಯ ಬುಡದಿಂದ ಕಾಕ್‌ಪಿಟ್‌ವರೆಗೆ ಚಾಚಿದ ಲೆಕ್ಸ್ ಮೇಲೆ ಎದ್ದೇಳುವ ಸ್ಪಾಯ್ಲರ್ ಹಲಗೆಗಳಿವೆ. ಅವನ್ನು ಮುಚ್ಚಿದರೆ ವಿಮಾನದ ಕೈಕಾಲು ಕಟ್ಟಿದಂತೆ. ಬೆನ್ನಿನ ಮೇಲೆ ಗಾಳಿ ಹೊರಬಿಡುವ ಕಿಂಡಿ ಕಂಡರೆ ಅದನ್ನೂ ಬಿಟ್ಟು ಹೋಗಿ.

ಎಡಬದಿಯ ಮೇಲೆ ಮಾಸ್ಕಿಂಗ್ ಟೇಪ್ ಹಾಸಿ ಈ ಗಡಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಟೇಪನ್ನು ಕಿತ್ತು ದಪ್ಪ ಕಾಗದಕ್ಕೆ ಅಂಟಿಸಿ, ಕತ್ತರಿಸಿ. ಅದನ್ನೇ ಮಗುಚಿದರೆ ಬಲಬದಿಯ ಅಚ್ಚು. ಒಡಲಿನ ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಅನ್ನು ನೆರಿಗೆಯಿಲ್ಲದಂತೆ ಎಳೆದು ಹಾಸಿ. ಪುಟ್ಟಿಯ ಎರಡೂ ಭಾಗ ಒಂದೇ ಬಣ್ಣ ಬರುವವರೆಗೆ ನಾದಿ, ಅಚ್ಚಿನ ಗಾತ್ರಕ್ಕೆ ಲಟ್ಟಿಸಿ ಕೂರಿಸಿ. ಮಧ್ಯದಲ್ಲಿ 4 ಮಿ.ಮೀ. ದಪ್ಪ, ಅಂಚಿನಲ್ಲಿ 1 ಮಿ.ಮೀ. ಇರಲಿ. ಒದ್ದೆ ಬೆರಳಿನಿಂದ ನುಣ್ಣಗೆ ಸವರಿ ಒಂದು ರಾತ್ರಿ ಬಿಡಿ. ಮರುದಿನ ಫಿಲ್ಮ್ ಸಮೇತ ಎದ್ದು ಬರುತ್ತದೆ, ತಳ ಒಡಲಿಗೆ ತಕ್ಕ ಹಾಗೆ ಕೂತಿರುತ್ತದೆ. ಉಜ್ಜುವ ಕೆಲಸವನ್ನು ಕೈಯಲ್ಲಿ ಹಿಡಿದು, ನೀರು ಮುಟ್ಟಿಸಿ ಮಾಡಿ. ಎಪಾಕ್ಸಿಯ ಒಣ ಧೂಳು ಎದೆಗೆ ಒಳ್ಳೆಯದಲ್ಲ.

ಎಡವುವುದು ಎರಡೂ ಬದಿ ಸಮವಾಗದೆ. ಕಣ್ಣಳತೆ ಇಲ್ಲಿ ಸಾಲದು. ಬೆಸುಗೆ ತಂತಿಯನ್ನು ಒಂದು ಬದಿಯ ಟ್ಯಾಂಕಿನ ಮೇಲೆ ಅಡ್ಡಲಾಗಿ ಒತ್ತಿ ಬಾಗಿಸಿ, ಮೆಲ್ಲಗೆ ಎತ್ತಿ, ಕಾಗದದ ಮೇಲಿಟ್ಟು ಗೆರೆ ಎಳೆಯಿರಿ. ಮುಂದೆ, ನಡು, ಹಿಂದೆ ಹೀಗೆ ಮೂರು ಕಡೆ. ಇನ್ನೊಂದು ಬದಿಯ ಗೆರೆಗಳನ್ನು ಮಗುಚಿ ಇವುಗಳ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಕಾಣುತ್ತದೆ. ಸರಿಹೋದ ಮೇಲೆ ಅಂಟಿಸಿ, ಆದರೆ ಸುತ್ತಲಿನ ಸಂದನ್ನು ಪೂರ್ತಿ ಮುಚ್ಚಬೇಡಿ. ಬಿಚ್ಚಿ ತೆಗೆಯಬಹುದಾದ ಟ್ಯಾಂಕ್ ಎಂದು ತೋರಬೇಕಾದರೆ ಒಂದು ಕೂದಲೆಳೆಯ ಗೆರೆ ಉಳಿಯಬೇಕು.

ಚಕ್ರ, ಕಂಬ, ಕ್ಷಿಪಣಿ

ಮೂಗಿನ ಚಕ್ರದ ಮುಂದಿನ ಲಾಂಚ್ ಬಾರ್ ಕ್ಯಾಟಪಲ್ಟ್‌ಗಾಗಿ ಇರುವುದು. ಕತ್ತರಿಸುವ ಆಸೆ ಬೇಡ: ಗೋವಾಕ್ಕೆ ಬಂದದ್ದು ಅಮೆರಿಕದ ನೌಕಾಪಡೆಯ ಮಾಮೂಲಿ ವಿಮಾನಗಳೇ. ಮೇಲಕ್ಕೆತ್ತಿದ ಸ್ಥಿತಿಯಲ್ಲಿ ಕೂರಿಸಿ.

ಆಯುಧ ನೇತುಹಾಕುವ ರೆಕ್ಕೆಯಡಿಯ ಕಂಬಗಳು ನೇರವಾಗಿಲ್ಲ, ಸುಮಾರು 4 ಡಿಗ್ರಿ ಹೊರಕ್ಕೆ ತಿರುಗಿರುತ್ತವೆ. ಕಿಟ್‌ನ ತಪ್ಪು ಎಂದುಕೊಂಡು ಅನೇಕರು ಇದನ್ನು ‘ಸರಿಪಡಿಸಿ’ ಕೆಡಿಸುತ್ತಾರೆ.

ಒಟ್ಟು 11 ಕಡೆ ಆಯುಧ ನೇತುಹಾಕಲು ಅವಕಾಶವಿದ್ದರೂ ಆರು ಸಾಕು: ತುದಿಯಲ್ಲಿ ಎರಡು ಸೈಡ್‌ವೈಂಡರ್, ನಡುವೆ ಎರಡು ಅಸ್ತ್ರ, ಒಳಗೆ ಎರಡು ಹಾರ್ಪೂನ್. ನಮ್ಮ ನೌಕಾಪಡೆಯ ಪಿ-8ಐ ಗಸ್ತು ವಿಮಾನಗಳು ಹಾರ್ಪೂನ್ ಹೊರುವುದರಿಂದ ಅದು ಊಹೆಗೆ ಹೊಂದುತ್ತದೆ. ಅಸ್ತ್ರ ಮಾರ್ಕ್-1ರ ವ್ಯಾಸ 178 ಮಿ.ಮೀ., ಅಂದರೆ 2.5 ಮಿ.ಮೀ. ಕಡ್ಡಿ ಸರಿಹೊಂದುತ್ತದೆ. 53 ಮಿ.ಮೀ. ಉದ್ದಕ್ಕೆ ಕತ್ತರಿಸಿ ತುದಿ ಚೂಪು ಮಾಡಿ. ನಡುವಿನ ಉದ್ದನೆಯ ನಾಲ್ಕು ಕಿರುರೆಕ್ಕೆ, ಬಾಲದ ನಾಲ್ಕು ರೆಕ್ಕೆಗಳನ್ನು 0.25 ಹಾಳೆಯಲ್ಲಿ ಕತ್ತರಿಸಿ ಅಂಟಿಸಿ.

ಬಣ್ಣ

ಬೂದು ಪ್ರೈಮರ್ ಮೇಲೆ ಮೊದಲು ಬಿಳಿ, ಮೂರು-ನಾಲ್ಕು ತೆಳು ಪದರ, ಏರ್‌ಬ್ರಷ್‌ಗೆ 0.3 ಮಿ.ಮೀ. ನಳಿಗೆ, 15 ಪಿಎಸ್‌ಐ ಒತ್ತಡ. ಒಂದೇ ಸಲಕ್ಕೆ ಮುಚ್ಚಲು ಹೋದರೆ ಬಿಳಿ ಸುಣ್ಣದಂತೆ ದಪ್ಪಗಾಗಿ ಪ್ಯಾನೆಲ್ ಗೆರೆಗಳು ಮುಳುಗುತ್ತವೆ. ಒಂದು ದಿನ ಬಿಟ್ಟು ಬಿಳಿ ಉಳಿಯಬೇಕಾದ ಕಡೆ ಟೇಪಿನಿಂದ ಮುಚ್ಚಿ (ಮಾಸ್ಕ್ ಮಾಡಿ), ಗ್ರೇ ಹೊಡೆಯಿರಿ. ಲೆಕ್ಸ್‌ನ ಅಂಚನ್ನೇ ಬಣ್ಣದ ಗಡಿ ಮಾಡಿಕೊಂಡರೆ ವಿಮಾನದ ರೂಪ ಎದ್ದು ಕಾಣುತ್ತದೆ. ಈ ಸಣ್ಣ ಅಳತೆಯಲ್ಲಿ ಅಚ್ಚ ಗ್ರೇ ಕಪ್ಪಾಗಿ ಕಾಣುವುದರಿಂದ ಹತ್ತರಲ್ಲೊಂದು ಪಾಲು ಬಿಳಿ ಬೆರೆಸಿ. ಚಕ್ರದ ಗೂಡುಗಳು ಬಿಳಿ, ಬಾಗಿಲ ಅಂಚು ಕೆಂಪು. ಕರಾವಳಿಯ ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ತೇವ ಹಿಡಿದು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಒಣಗುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಬೆರೆಸಿ, ಇಲ್ಲವೇ ಬಿಸಿಲು ಬರುವವರೆಗೆ ಕಾಯಿರಿ.

ಡೆಕಾಲ್

ಡೆಕಾಲ್ ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತು. ಭಾರತದ ಚಕ್ರಾಕಾರದ ಗುರುತಿನಲ್ಲಿ ಹೊರಗೆ ಕೇಸರಿ, ಒಳಗೆ ಹಸಿರು. ಕಡು ಗ್ರೇ ಮೇಲೆ ನೇರವಾಗಿ ಅಂಟಿಸಿದರೆ ಕೇಸರಿ ಕಂದಾಗುತ್ತದೆ. ಮೊದಲು ಅದೇ ಗಾತ್ರದ ಬಿಳಿ ವೃತ್ತವೊಂದನ್ನು ಹೊಡೆದು ಅದರ ಮೇಲೆ ಕೂರಿಸಿ. ಅಮೆರಿಕದ ಪದ್ಧತಿಯಲ್ಲಿ ಮೇಲೆ ಎಡರೆಕ್ಕೆ, ಕೆಳಗೆ ಬಲರೆಕ್ಕೆಗೆ ಮಾತ್ರ ಗುರುತು. ಇಲ್ಲಿ ಎರಡೂ ರೆಕ್ಕೆಗೆ ಹಾಕಿ. ಬಾಲದ ತ್ರಿವರ್ಣ ಪಟ್ಟಿಯಲ್ಲಿ ಕೇಸರಿ ಯಾವಾಗಲೂ ಮೂಗಿನ ಕಡೆ. ಹಾರ್ನೆಟ್‌ನ ಬಾಲ ಓರೆಯಾಗಿರುವುದರಿಂದ ಪಟ್ಟಿಯೂ ಓರೆ. ಎಡಕ್ಕೊಂದು ಬಲಕ್ಕೊಂದು ಕನ್ನಡಿಯ ಬಿಂಬದಂತೆ ಬೇರೆ ಬೇರೆ ಮುದ್ರಿಸಬೇಕು. ಒಂದನ್ನೇ ಎರಡೂ ಬದಿಗೆ ಅಂಟಿಸಿದರೆ ಒಂದು ಬದಿಯಲ್ಲಿ ಹಸಿರು ಮುಂದೆ ಬಂದು ನಿಲ್ಲುತ್ತದೆ, ತಲೆಕೆಳಗಾಗಿ ತಿರುಗಿಸಿದರೆ ಓರೆ ತಪ್ಪುತ್ತದೆ.

ಬಿಳಿ ಹುಲಿಯ ಚಿಹ್ನೆಯನ್ನು ಮನೆಯ ಇಂಕ್‌ಜೆಟ್‌ನಲ್ಲಿ ಮುದ್ರಿಸುವುದಾದರೆ ಪ್ರಿಂಟರಿನಲ್ಲಿ ಬಿಳಿ ಮಸಿಯಿಲ್ಲ ಎಂಬುದು ನೆನಪಿರಲಿ. ಬಿಳಿ ಹಿನ್ನೆಲೆಯ ಡೆಕಾಲ್ ಹಾಳೆ ಕೊಳ್ಳಿ, ಸುತ್ತ ಹಿನ್ನೆಲೆಯನ್ನು ಚಿಹ್ನೆ ಬರುವ ಜಾಗದ ಬಣ್ಣದಲ್ಲೇ ಮುದ್ರಿಸಿ, ಮೂರು ಪದರ ಕ್ಲಿಯರ್ ಕೋಟ್ ಕೊಟ್ಟು ಒಣಗಿದ ಮೇಲೆಯೇ ನೀರಿಗೆ ಹಾಕಿ. ಇಲ್ಲದಿದ್ದರೆ ಮಸಿ ಕರಗಿ ಹರಿಯುತ್ತದೆ. ಸರಣಿ ಸಂಖ್ಯೆಗೆ ಐಎನ್ 601ರಿಂದ ಹ್ಯಾರಿಯರ್, ಐಎನ್ 801ರಿಂದ ಮಿಗ್ ಶುರುವಾಗುತ್ತವೆ. ಆ ಎರಡೂ ಸಾಲು ಬಿಟ್ಟು ಬೇರೆ ಆರಿಸಿ.

ಕೊನೆಯ ಸ್ಯಾಟಿನ್ ಕೋಟ್ ಒಣಗುವವರೆಗೆ ಕ್ಯಾನಪಿಯ ಮಾಸ್ಕ್ ಕೀಳಬೇಡಿ. ಕ್ಷಿಪಣಿ, ಕೊಕ್ಕೆ, ಆಂಟೆನಾಗಳನ್ನು ಅದಾದ ಮೇಲೆಯೇ ಅಂಟಿಸಿ. ಮೊದಲೇ ಅಂಟಿಸಿದರೆ ಡೆಕಾಲ್ ಒತ್ತುವಾಗ ಮುರಿಯುವುದು ಅವೇ.