ಸಾಗರೇಶ್ವರವನ್ನು ನಾನು ನಡೆದು ನೋಡಿದ ಬಗೆ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕಡೇಗಾಂವ, ಪಲೂಸ ಮತ್ತು ವಾಳವಾ ತಾಲ್ಲೂಕುಗಳು ಕೂಡುವ ಗುಡ್ಡಸಾಲಿನ ಮೇಲೆ ಸಾಗರೇಶ್ವರ ಅಭಯಾರಣ್ಯವಿದೆ. ಅದರ ವಿಸ್ತಾರ ಕೇವಲ 10.87 ಚದರ ಕಿ.ಮೀ. ಅದೇ ಜಿಲ್ಲೆಯ ನಮ್ಮ ಜತ್ತದಿಂದ ಬಸ್ಸಿನಲ್ಲಿ ಮಿರಜಕ್ಕೆ ಬಂದು, ಪುಣೆ ಮಾರ್ಗದ ರೈಲು ಹತ್ತಿ ಕಿರ್ಲೋಸ್ಕರವಾಡಿಯಲ್ಲಿ ಇಳಿದರೆ ಅಲ್ಲಿಂದ ಹೆಚ್ಚು ದೂರವಿಲ್ಲ. ಮುಂಜಾನೆಯ ತಂಪು ತಪ್ಪಬಾರದೆಂದು ನಾನು ಹಿಂದಿನ ಸಂಜೆಯೇ ಹೋಗಿ ಉಳಿಯುತ್ತೇನೆ.

ಈ ಕಾಡು ಬಹುಪಾಲು ಮನುಷ್ಯರೇ ಬೆಳೆಸಿದ್ದು. ಬೋಳಾಗಿದ್ದ ಗುಡ್ಡಕ್ಕೆ ಮರದ ನೆರಳು ತರಲು ವೃಕ್ಷಮಿತ್ರರೆಂದೇ ಹೆಸರಾದ ಧೋಂ. ಮ. ಮೋಹಿತೆಯವರು ಪಟ್ಟ ಶ್ರಮದ ಫಲವಾಗಿ 1985ರಲ್ಲಿ ಇದು ಅಭಯಾರಣ್ಯವಾಯಿತು. ಮಳೆಗಾಗಿ ಕಾಯುವ ಜತ್ತದ ಕಡೆಯವನಾದ ನನಗೆ ಇಲ್ಲಿ ಜಿಂಕೆಗಿಂತ ಮೊದಲು ನೋಡಬೇಕೆನಿಸುವುದು ನೆಲ. ಆದ್ದರಿಂದ ಬುಡದಲ್ಲಿರುವ ಹಳೆಯ ಶಿವಾಲಯಗಳ ಗುಂಪಿಗೆ ಕೈಮುಗಿದು, ಕಾಲುದಾರಿಯಲ್ಲಿ ನಿಧಾನವಾಗಿ ಏರುತ್ತ, ಕಗ್ಗಲಿ, ಜಾಲಿ, ಬೇವುಗಳ ಬುಡದಲ್ಲಿ ಉದುರಿದ ಎಲೆ ಎಷ್ಟು ದಪ್ಪ ಕೂತಿದೆ, ಮಳೆನೀರು ಎಲ್ಲಿ ಮಣ್ಣು ಕೊಚ್ಚಿದೆ, ಎಲ್ಲಿ ಹುಲ್ಲು ಅದನ್ನು ಹಿಡಿದು ನಿಲ್ಲಿಸಿದೆ ಎಂಬುದನ್ನು ನೋಡುತ್ತ ಹೋಗುತ್ತೇನೆ.

ಪ್ರಾಣಿಗಳನ್ನು ಕಾಣಬೇಕಾದರೆ ಗಾಳಿ ನಮ್ಮ ಮುಖಕ್ಕೆ ಬೀಸುವಂತೆ ನಡೆಯಬೇಕು; ನಮ್ಮ ವಾಸನೆ ಮುಂದೆ ಹೋದರೆ ಕಡವೆ ಆಗಲೇ ಪೊದೆ ಸೇರಿರುತ್ತದೆ. ಸ್ವಲ್ಪ ನಡೆದು, ಹೆಚ್ಚು ಹೊತ್ತು ನಿಲ್ಲುವುದೇ ನನ್ನ ಪದ್ಧತಿ. ಚುಕ್ಕೆ ಜಿಂಕೆಯ ಎಚ್ಚರಿಕೆಯ ಕೂಗು ಕೇಳಿದಾಗ ಅದರತ್ತ ಓಡದೆ, ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ನೋಡಿದರೆ ಕಾಡಿನ ಸಮಾಚಾರ ತಿಳಿಯುತ್ತದೆ. ಕೃಷ್ಣಮೃಗಗಳಿಗೆ ಮಾತ್ರ ಬಯಲು ಬೇಕು. ಮರ ನೆಡುವ ಉತ್ಸಾಹದಲ್ಲಿ ಹುಲ್ಲುಗಾವಲನ್ನು ಮುಚ್ಚಬಾರದು ಎಂದು ಇಲ್ಲಿ ನಡೆದಾಗಲೆಲ್ಲ ನನಗೆ ಬಲವಾಗಿ ಅನಿಸಿದೆ.

ಮೇಲಿನ ವೀಕ್ಷಣಾ ಸ್ಥಳಗಳಿಂದ ಕೃಷ್ಣಾ ಕಣಿವೆಯ ಕಬ್ಬಿನ ಹಸಿರು ಕಾಣುತ್ತದೆ. ಆ ಕಬ್ಬಿನ ರೈತರ ಬೆಳೆ ಉಳಿಯಬೇಕು, ಕಾಡಿನ ಜಿಂಕೆಯೂ ಉಳಿಯಬೇಕು. ಸುತ್ತಲಿನ ತಂತಿಬೇಲಿಯ ಮಹತ್ವ ಅಲ್ಲಿ ನಿಂತಾಗ ಅರ್ಥವಾಗುತ್ತದೆ. ಮಳೆ ಮುಗಿದ ಮೇಲೆ, ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ ಹೋಗುವುದು ಲೇಸು. ಬೇಸಿಗೆಯಲ್ಲಿ ಎಲೆ ಉದುರಿ ಪ್ರಾಣಿಗಳು ಸುಲಭವಾಗಿ ಕಂಡರೂ ಬಿಸಿಲು ತಡೆಯಲಾಗದು. ಹೋಗುವವರು ಸಾಕಷ್ಟು ನೀರು ಒಯ್ಯಬೇಕು, ಖಾಲಿ ಬಾಟಲಿಯನ್ನು ಮರಳಿ ತರಬೇಕು.